ಹಿರಿಯರು ಬಿಟ್ಟುಹೋದ ಹಳೆಯ ನಾಣ್ಯ: ವಿಂಗಡಣೆ, ಬೆಲೆಕಟ್ಟುವಿಕೆ, ಮಾರಾಟ

ಮನೆಯ ಹಿರಿಯರು ಕಾಲವಾದ ಬಳಿಕ ಬೀರು, ಕಬ್ಬಿಣದ ಪೆಟ್ಟಿಗೆ, ದೇವರ ಕೋಣೆಯ ಗೂಡುಗಳನ್ನು ತೆರೆದಾಗ ಬಟ್ಟೆಯ ಗಂಟಿನಲ್ಲೋ ಹಿತ್ತಾಳೆಯ ಡಬ್ಬಿಯಲ್ಲೋ ಹಳೆಯ ನಾಣ್ಯಗಳು ದೊರೆಯುವುದು ರಾಜ್ಯದ ಎಲ್ಲ ಭಾಗಗಳಲ್ಲೂ ಕಂಡುಬರುವ ಸಂಗತಿ. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ, ಗಂಟು ನೇರವಾಗಿ ಅಕ್ಕಸಾಲಿಗರ ತಕ್ಕಡಿ ಸೇರಿ ತೂಕದ ಲೆಕ್ಕದಲ್ಲಿ ಕರಗಿಹೋಗುತ್ತದೆ. ಇಲ್ಲವೇ, ಒಂದೊಂದು ನಾಣ್ಯಕ್ಕೂ ಲಕ್ಷಗಟ್ಟಲೆ ಬೆಲೆಯಿದೆ ಎಂಬ ಭ್ರಮೆಯಲ್ಲಿ ಕುಟುಂಬ ವಂಚಕರ ಕೈಗೆ ಸಿಲುಕುತ್ತದೆ. ಎರಡೂ ನಷ್ಟದ ದಾರಿಗಳೇ. ಬೆಳ್ಳಿಯ ದರ 2024ರ ಅಕ್ಟೋಬರ್‌ನಲ್ಲಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿ, 2025ರ ಡಿಸೆಂಬರ್‌ನಲ್ಲಿ ಎರಡು ಲಕ್ಷವನ್ನೂ ದಾಟಿದ ಮೇಲಂತೂ ಮೊದಲನೆಯ ದಾರಿಯ ಸೆಳೆತ ಹೆಚ್ಚಾಗಿದೆ. ಒಮ್ಮೆ ಮೂಸೆಗೆ ಬಿದ್ದ ನಾಣ್ಯ ಅಪರೂಪದ್ದಾಗಿತ್ತೇ ಎಂದು ಆಮೇಲೆ ತಿಳಿಯುವ ಉಪಾಯವಿಲ್ಲ.

ಇಂತಹ ಸಂಗ್ರಹ ಕೈಗೆ ಬಂದಾಗ ಅನುಸರಿಸಬೇಕಾದ ಕ್ರಮ, ನಾಣ್ಯ ಗುರುತಿಸುವ ಬಗೆ, ಬೆಲೆ ನಿರ್ಧಾರವಾಗುವ ರೀತಿ ಹಾಗೂ ಕಾನೂನಿನ ಸಂಗತಿಗಳ ವಿವರ ಇಲ್ಲಿದೆ.

ಮೊದಲು ಉಜ್ಜುವುದನ್ನು ನಿಲ್ಲಿಸಿ

ಕಪ್ಪಾದ ಬೆಳ್ಳಿ, ಹಸಿರುಗಟ್ಟಿದ ತಾಮ್ರವನ್ನು ಕಂಡೊಡನೆ ಹುಣಸೆಹಣ್ಣು, ವಿಭೂತಿ, ನಿಂಬೆರಸ ಅಥವಾ ಪಾತ್ರೆ ತೊಳೆಯುವ ಪುಡಿಯಿಂದ ಉಜ್ಜಿ ಫಳಫಳನೆ ಹೊಳೆಯಿಸುವುದು ನಮ್ಮ ಮನೆಗಳ ವಾಡಿಕೆ. ದೇವರ ಪಾತ್ರೆಗೆ ಇದು ಸರಿ, ನಾಣ್ಯಕ್ಕೆ ಮಾರಕ. ಲೋಹದ ಮೇಲೆ ದಶಕಗಳ ಕಾಲ ನಿಧಾನವಾಗಿ ಕಟ್ಟಿಕೊಂಡ ತೆಳುವಾದ ಪದರವೇ ನಾಣ್ಯದ ಮೂಲ ಮೇಲ್ಮೈಯನ್ನು ಕಾಪಾಡಿರುತ್ತದೆ. ಉಜ್ಜಿದಾಗ ಆ ಪದರದೊಂದಿಗೆ ಅಕ್ಷರದ ಅಂಚು, ರಾಜಮುಖದ ಕೂದಲ ಗೆರೆ, ಕಿರೀಟದ ಸೂಕ್ಷ್ಮ ಕೆತ್ತನೆಗಳೂ ಸವೆಯುತ್ತವೆ. ಅನುಭವಿ ಸಂಗ್ರಾಹಕರು ಉಜ್ಜಿದ ನಾಣ್ಯವನ್ನು ಭೂತಗನ್ನಡಿಯಡಿ ಒಂದೇ ನೋಟಕ್ಕೆ ಗುರುತಿಸುತ್ತಾರೆ. ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಷ್ಟು ಸಣ್ಣ ಗೀರುಗಳೇ ಅದಕ್ಕೆ ಸಾಕ್ಷಿ. ಅಂತಹ ನಾಣ್ಯಕ್ಕೆ ಸಂಗ್ರಾಹಕರ ಬೆಲೆ ಬಹುಪಾಲು ಬಿದ್ದುಹೋಗುತ್ತದೆ.

ವರಮಹಾಲಕ್ಷ್ಮಿ, ದೀಪಾವಳಿಯ ಲಕ್ಷ್ಮೀಪೂಜೆಗಳಲ್ಲಿ ತಟ್ಟೆಗೆ ಇಡುತ್ತಿದ್ದ ಬೆಳ್ಳಿ ರೂಪಾಯಿಗಳು ಈಗಾಗಲೇ ವರ್ಷಕ್ಕೊಮ್ಮೆ ಉಜ್ಜಿಸಿಕೊಂಡಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಲೋಹದ ಬೆಲೆಯವೇ. ಅರಿಶಿನ, ಕುಂಕುಮ ಅಂಟಿದ್ದರೆ ಶುದ್ಧ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಉಜ್ಜದೆ ಹತ್ತಿಬಟ್ಟೆಯ ಮೇಲೆ ಆರಲು ಬಿಟ್ಟರೆ ಸಾಕು. ಮೃದುವಾದ ಪಾರದರ್ಶಕ ಪ್ಲಾಸ್ಟಿಕ್ಕಿನ ಅಗ್ಗದ ಆಲ್ಬಮ್‌ಗಳಲ್ಲಿ ವರ್ಷಾನುಗಟ್ಟಲೆ ಇಟ್ಟ ನಾಣ್ಯಗಳ ಮೇಲೆ ಹಸಿರು ಜಿಡ್ಡು ಏಳುತ್ತದೆ. ಪಿವಿಸಿ ಒಡೆದು ಹೊರಬರುವ ಆಮ್ಲ ಅದಕ್ಕೆ ಕಾರಣ. ಅಂತಹವುಗಳಿಂದ ನಾಣ್ಯಗಳನ್ನು ಹೊರತೆಗೆದು ಒಂದೊಂದನ್ನು ಪ್ರತ್ಯೇಕ ಕಾಗದದ ಲಕೋಟೆಯಲ್ಲಿಡುವುದು ಕ್ಷೇಮ. ಹಿಡಿಯುವಾಗ ಅಂಚನ್ನು ಹಿಡಿಯಬೇಕು. ಬೆರಳಚ್ಚು ಬೆಳ್ಳಿಯ ಮೇಲೆ ಶಾಶ್ವತವಾಗಿ ಉಳಿಯುವುದುಂಟು.

ಹಿರಿಯರು ಬರೆದಿಟ್ಟ ಚೀಟಿ, ಹಳೆಯ ರಸೀದಿ, ಲಕೋಟೆಯ ಮೇಲಿನ ಟಿಪ್ಪಣಿ ಯಾವುದನ್ನೂ ಎಸೆಯಬಾರದು. ನಾಣ್ಯ ಎಲ್ಲಿಂದ, ಯಾವಾಗ ಬಂತು ಎಂಬುದಕ್ಕೆ ಮುಂದೆ ಮಾರಾಟದಲ್ಲೂ ಕಾನೂನಿನಲ್ಲೂ ಅದೇ ಆಧಾರ.

ಪಟ್ಟಿ ಮಾಡುವ ಕ್ರಮ

ಒಂದು ನೋಟ್‌ಪುಸ್ತಕ, ಅಂಚಿನಿಂದ ಅಂಚಿಗೆ ಅಳೆಯುವ ಪಟ್ಟಿ, ಗ್ರಾಂನ ನೂರನೇ ಒಂದು ಭಾಗ ತೋರಿಸುವ ಚಿಕ್ಕ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಅಯಸ್ಕಾಂತ ಇಷ್ಟಿದ್ದರೆ ಮನೆಯಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ಪ್ರತಿ ನಾಣ್ಯಕ್ಕೂ ಕ್ರಮಸಂಖ್ಯೆ ಕೊಟ್ಟು ಎರಡೂ ಮುಖದ ಛಾಯಾಚಿತ್ರ, ತೂಕ, ವ್ಯಾಸ, ಲೋಹದ ಬಣ್ಣ, ಇಸವಿ, ಕಾಣುವ ಬರಹವನ್ನು ದಾಖಲಿಸಬೇಕು. ಮನೆಯವರೆಲ್ಲರ ಎದುರಿನಲ್ಲಿ ಈ ಪಟ್ಟಿ ತಯಾರಾಗಿ ಒಂದೊಂದು ಪ್ರತಿ ಎಲ್ಲ ಹಕ್ಕುದಾರರ ಬಳಿಯೂ ಉಳಿದರೆ, ಮುಂದೆ ಅಣ್ಣತಮ್ಮಂದಿರ ನಡುವೆ ಏಳುವ ಅನುಮಾನಗಳಿಗೆ ಆಸ್ಪದವಿರುವುದಿಲ್ಲ. ಗಂಟಿನಲ್ಲಿ ನಲವತ್ತು ರೂಪಾಯಿಗಳಿದ್ದವು, ಈಗ ಮೂವತ್ತೇಳಿವೆ ಎಂಬ ಮಾತಿನಿಂದ ಮುರಿದ ಸಂಬಂಧವನ್ನು ಯಾವ ಹರಾಜೂ ಸರಿಪಡಿಸಲಾರದು.

ಮೊದಲ ವಿಂಗಡಣೆ ಲೋಹದ ಆಧಾರದಲ್ಲಿ ನಡೆದರೆ ಒಳಿತು: ಚಿನ್ನ, ಬೆಳ್ಳಿ, ತಾಮ್ರ ಹಾಗೂ ಉಳಿದವು. ಎರಡನೆಯದು ಆಡಳಿತದ ಆಧಾರದಲ್ಲಿ. ಇದಕ್ಕೆ ಮನೆ ಯಾವ ಸೀಮೆಯದು ಎಂಬುದೇ ದೊಡ್ಡ ಸುಳಿವು.

ಸೀಮೆಗೊಂದು ನಾಣ್ಯ

ಇಂದಿನ ಕರ್ನಾಟಕ 1956ಕ್ಕೂ ಮುಂಚೆ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಹೀಗಾಗಿ ಹಳೆ ಮೈಸೂರಿನ ಮನೆಯ ಗಂಟಿಗೂ ಕಲಬುರಗಿಯ ಮನೆಯ ಗಂಟಿಗೂ ಹೋಲಿಕೆಯಿರುವುದಿಲ್ಲ.

ಹಳೆ ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ಸಿಗುವುದು ಆನೆಯ ಚಿತ್ರವಿರುವ ತಾಮ್ರದ ಕಾಸು. ಟಿಪ್ಪು ಸುಲ್ತಾನನ ಕಾಲದ ತಾಮ್ರ ನಾಣ್ಯಗಳ ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಟಂಕಸಾಲೆಯ ಹೆಸರು ಪರ್ಷಿಯನ್ ಲಿಪಿಯಲ್ಲಿ ಇರುತ್ತದೆ. ಶ್ರೀರಂಗಪಟ್ಟಣವನ್ನು 'ಪಟನ್' ಎಂದೂ ಬಿದನೂರನ್ನು 'ನಗರ್' ಎಂದೂ ಚಿತ್ರದುರ್ಗವನ್ನು 'ಫರ್ರುಖ್‌ಯಾಬ್ ಹಿಸಾರ್' ಎಂದೂ ಬರೆಯಲಾಗಿದೆ. ಇಸವಿ ಓದುವಲ್ಲಿ ತೊಡಕಿದೆ. ಟಿಪ್ಪು 1787ರ ಸುಮಾರಿಗೆ 'ಮೌಲೂದಿ' ಎಂಬ ಹೊಸ ಶಕೆಯನ್ನು ಜಾರಿಗೆ ತಂದು 1215ನೇ ವರ್ಷದಿಂದ ಎಣಿಸಿದ; ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಯಿಸಿದ. ಎಡದಿಂದ ಓದಿದವರಿಗೆ ಅರ್ಥವಿಲ್ಲದ ಸಂಖ್ಯೆ ಕಾಣುವುದು ಇದರಿಂದಲೇ. ಆತನ ಬೆಳ್ಳಿಯ ರೂಪಾಯಿಗೆ 'ಇಮಾಮಿ', ಎರಡು ರೂಪಾಯಿಗೆ 'ಹೈದರಿ', ತಾಮ್ರದ ಪೈಸೆಗೆ 'ಜೊಹ್ರಾ' ಎಂಬ ಹೆಸರುಗಳಿದ್ದವು. ಸವೆದ ಆನೆ ಕಾಸುಗಳು ಸಾಕಷ್ಟು ಸಿಗುತ್ತವೆ, ಬೆಲೆಯೂ ಸಾಧಾರಣ. ಆದರೆ ಟಂಕಸಾಲೆಯ ಹೆಸರು, ಇಸವಿ, ಆನೆಯ ಪೂರ್ಣ ಚಿತ್ರ ಮೂರೂ ಸ್ಪಷ್ಟವಾಗಿದ್ದರೆ ಲೆಕ್ಕವೇ ಬೇರೆ. ಹೈದರಿ ಎರಡು ರೂಪಾಯಿಯಂತೂ ಸಂಗ್ರಾಹಕರು ಹುಡುಕಿಕೊಂಡು ಬರುವ ನಾಣ್ಯ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳಲ್ಲಿಯೂ ಆನೆಯಿದೆ. ಜೊತೆಗೆ 'ಮಯಿಲಿ ಕಾಸು' ಎಂಬ ಕನ್ನಡ ಬರಹವಿರುವುದರಿಂದ ಇವನ್ನು ಗುರುತಿಸುವುದು ಸುಲಭ. ಒಂದು ಮುಖದಲ್ಲಿ ಚೌಕಳಿ ಗೆರೆ, ಇನ್ನೊಂದರಲ್ಲಿ ಬರಿಯ ಕನ್ನಡ ಅಂಕಿ ಇರುವ ಸಣ್ಣ ತಾಮ್ರದ ಕಾಸುಗಳೂ ಮೈಸೂರಿನವೇ.

ಹೆಚ್ಚು ಎಚ್ಚರ ಬೇಕಾದದ್ದು ಚಿನ್ನದ 'ಹಣ'ದ ವಿಷಯದಲ್ಲಿ. ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638-1659) ನರಸಿಂಹನ ಮೂರ್ತಿಯೊಂದಿಗೆ ಹೊರಡಿಸಿದ ಕಂಠೀರಾಯಿ ಹಣ ಅರ್ಧ ಗ್ರಾಂಗಿಂತಲೂ ಕಡಿಮೆ ತೂಗುತ್ತದೆ, ಗಾತ್ರದಲ್ಲಿ ಉದ್ದಿನಕಾಳಿಗಿಂತ ತುಸು ದೊಡ್ಡದು. ಹಳೆಯ ಒಡವೆಯ ಮುರಿದ ಚೂರು ಎಂದು ತಿಳಿದು ಕರಗಿಸಿದ ಉದಾಹರಣೆಗಳಿಗೆ ಲೆಕ್ಕವಿಲ್ಲ. ಹತ್ತು ಹಣಕ್ಕೆ ಒಂದು ವರಹ. ವರಹದ ತೂಕ ಸುಮಾರು 3.4 ಗ್ರಾಂ. ವಿಜಯನಗರದ ಕೃಷ್ಣದೇವರಾಯನ ಬಾಲಕೃಷ್ಣ ಮಾದರಿಯ ವರಹ, ಅಚ್ಯುತರಾಯನ ಗಂಡಭೇರುಂಡ, ಇಕ್ಕೇರಿ ನಾಯಕರ ಶಿವ-ಪಾರ್ವತಿ ವರಹಗಳು ಪ್ರಸಿದ್ಧ. ಬಿದನೂರನ್ನು ಗೆದ್ದ ಹೈದರ್ ಅಲಿ ಶಿವ-ಪಾರ್ವತಿಯ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಒತ್ತಿಸಿದ್ದು ಇತಿಹಾಸಾಸಕ್ತರು ಮೆಚ್ಚಿ ಹೇಳುವ ಸಂಗತಿ.

ಬೀದರ್, ಕಲಬುರಗಿ, ರಾಯಚೂರು ಭಾಗದ ಮನೆಗಳಲ್ಲಿ ನಿಜಾಮರ 'ಹಾಲಿ ಸಿಕ್ಕ' ರೂಪಾಯಿ ದೊರೆಯುತ್ತದೆ. ಚಾರ್‌ಮಿನಾರ್ ಚಿತ್ರವಿರುವ ಇದರ ಹಳೆಯ ಮಾದರಿ 11.18 ಗ್ರಾಂ ತೂಕದ್ದು. ಬೆಳ್ಳಿಯ ಅಂಶ ಶೇ 81.8, ಅಂದರೆ ಬ್ರಿಟಿಷ್ ರೂಪಾಯಿಗಿಂತ ಕಡಿಮೆ. ವಿಜಯಪುರ ಸೀಮೆಯಲ್ಲಿ ಆದಿಲ್‌ಶಾಹಿಗಳ 'ಲಾರಿ' ಎಂಬ ವಿಚಿತ್ರ ನಾಣ್ಯವನ್ನು ಕಾಣಬಹುದು. ಬೆಳ್ಳಿಯ ತಂತಿಯನ್ನು ಮಧ್ಯಕ್ಕೆ ಮಡಿಸಿ ಮೇಲೆ ಮುದ್ರೆ ಒತ್ತಿದ ಇದನ್ನು ನಾಣ್ಯವೆಂದು ನಂಬುವವರೇ ಕಡಿಮೆ. ಬೆಳಗಾವಿ, ಧಾರವಾಡ ಕಡೆ ದೇವನಾಗರಿ ಬರಹದ ಮರಾಠರ ಶಿವರಾಯಿ ತಾಮ್ರ ನಾಣ್ಯಗಳೂ, ಕಾರವಾರ ಕಡೆ ಗೋವೆಯ ಪೋರ್ಚುಗೀಸರ ನಾಣ್ಯಗಳೂ ಗಂಟಿನಲ್ಲಿ ಬೆರೆತಿರುವುದುಂಟು.

ಬೆಳ್ಳಿ ರೂಪಾಯಿಯ ಲೆಕ್ಕ

ಎಲ್ಲ ಸೀಮೆಗಳಲ್ಲೂ ಸಮಾನವಾಗಿ ಸಿಗುವುದು ಬ್ರಿಟಿಷ್ ಆಡಳಿತದ ರೂಪಾಯಿ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿಯನ್ನು ಜಾರಿಗೊಳಿಸಿತು. ತೂಕ 11.66 ಗ್ರಾಂ, ಬೆಳ್ಳಿ ಶೇ 91.7. ಅಕ್ಕಸಾಲಿಗರ 'ತೊಲ' ಎಂದರೆ ಈ ರೂಪಾಯಿಯ ತೂಕವೇ. ಈ ಪ್ರಮಾಣ 1939ರವರೆಗೂ ಬದಲಾಗಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಬೆಳ್ಳಿಯ ಅಂಶವನ್ನು ಶೇ 50ಕ್ಕೆ ಇಳಿಸಲಾಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್‌ನದು. ಹಿಂಬದಿಯಲ್ಲಿ ಹುಲಿಯ ಚಿತ್ರವಿದ್ದು ಅಯಸ್ಕಾಂತಕ್ಕೆ ಅಂಟುತ್ತದೆ.

ಲೆಕ್ಕ ಸರಳ. 1939ರವರೆಗಿನ ಒಂದು ರೂಪಾಯಿಯಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿಯಿದೆ. ಬೆಳ್ಳಿ ಕಿಲೋಗೆ ಒಂದು ಲಕ್ಷವಿದ್ದರೆ ಅದರ ಲೋಹದ ಬೆಲೆ 1,069 ರೂಪಾಯಿ, ಎರಡು ಲಕ್ಷವಿದ್ದರೆ 2,138 ರೂಪಾಯಿ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ 5.83 ಗ್ರಾಂ ಮಾತ್ರ ಇರುವುದರಿಂದ ಅದೇ ದರಗಳಲ್ಲಿ ಕ್ರಮವಾಗಿ 583 ಮತ್ತು 1,166 ರೂಪಾಯಿ. ಎಂಟಾಣೆಗೆ ಇದರ ಅರ್ಧ, ಪಾವಲಿಗೆ ಕಾಲುಭಾಗ. ಸವೆದ ನಾಣ್ಯದ ತೂಕ ತುಸು ಕಡಿಮೆಯಿರುತ್ತದೆ. ಈ ಎರಡು ಬಗೆಯ ರೂಪಾಯಿಗಳನ್ನು ಬೇರ್ಪಡಿಸದೆ ಒಟ್ಟಿಗೆ ತೂಗಿಸಿದರೆ ಕೊಳ್ಳುವವರು ಎಲ್ಲಕ್ಕೂ ಕಡಿಮೆ ದರವನ್ನೇ ಹಾಕುವುದು ಸಹಜ. ಮನೆಯಲ್ಲೇ ಇಸವಿ ನೋಡಿ ಎರಡು ಗುಂಪು ಮಾಡಿಕೊಳ್ಳುವುದರಿಂದ ಉಳಿಯುವ ಹಣ ಚಿಕ್ಕದಲ್ಲ.

ಲೋಹದ ಬೆಲೆ ತಳದ ಮಿತಿ ಮಾತ್ರ. ಅದರ ಮೇಲೆ ಎಷ್ಟು ಎಂಬುದನ್ನು ಇಸವಿ, ಟಂಕಸಾಲೆ, ಅಚ್ಚಿನ ಭೇದ ಮತ್ತು ಸ್ಥಿತಿ ನಿರ್ಧರಿಸುತ್ತವೆ. ವಿಕ್ಟೋರಿಯಾಳ 1862ರ ರೂಪಾಯಿ ಕೋಟ್ಯಂತರ ಸಂಖ್ಯೆಯಲ್ಲಿ ಅಚ್ಚಾಗಿದೆ. ಮುಂದಿನ ಹಲವು ವರ್ಷಗಳವರೆಗೆ ಅದೇ ಇಸವಿಯನ್ನು ಮುಂದುವರಿಸಿದ್ದರಿಂದ, ಇಸವಿಯ ಸುತ್ತಲಿನ ಸಣ್ಣ ಚುಕ್ಕೆಗಳ ಸಂಖ್ಯೆಯನ್ನು ಎಣಿಸಿ ಸಂಗ್ರಾಹಕರು ಭೇದ ಗುರುತಿಸುತ್ತಾರೆ. ಕೆಲವು ಭೇದಗಳು ವಿರಳ. 1876ರವರೆಗೆ 'ಕ್ವೀನ್' ಎಂದೂ 1877ರಿಂದ 'ಎಂಪ್ರೆಸ್' ಎಂದೂ ಬರಹವಿದೆ. ಐದನೇ ಜಾರ್ಜ್‌ನ 1911ರ ರೂಪಾಯಿಯ ಕಥೆ ಸ್ವಾರಸ್ಯಕರ. ರಾಜನ ಉಡುಪಿನ ಮೇಲಿದ್ದ ಪದಕಮಾಲೆಯ ಆನೆಯ ಚಿತ್ರ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಎದ್ದು ಆ ನಾಣ್ಯವನ್ನು ಹಿಂಪಡೆಯಲಾಯಿತು. 1912ರಿಂದ ಸೊಂಡಿಲು ಸ್ಪಷ್ಟವಾಗಿ ಕಾಣುವ ಅಚ್ಚು ಬಂತು. 1911ರದು ಇಂದಿಗೂ 'ಹಂದಿ ರೂಪಾಯಿ' ಎಂದೇ ಹೆಸರಾಗಿದೆ. ಆರನೇ ಜಾರ್ಜ್‌ನ 1939ರ ರೂಪಾಯಿ ಬ್ರಿಟಿಷ್ ಭಾರತದ ವಿರಳ ನಾಣ್ಯಗಳಲ್ಲೊಂದು. ಆದಕಾರಣ 1938 ಅಥವಾ 1940ರ ನಾಣ್ಯದ ಅಂಕಿಯನ್ನು ಕೆತ್ತಿ 1939 ಮಾಡುವ ಕೈಚಳಕವೂ ಚಾಲ್ತಿಯಲ್ಲಿದೆ. ಈ ಇಸವಿ ಕಂಡರೆ ಸಂಭ್ರಮಿಸುವ ಮೊದಲು ಭೂತಗನ್ನಡಿ ಹಿಡಿಯಬೇಕು.

ಯುದ್ಧಕಾಲದ ತೂತಿನ ಕಾಸು (1943-47), ಒಂದಾಣೆ, ಎರಡಾಣೆಗಳು ಹೇರಳವಾಗಿವೆ. ಅವುಗಳ ಭಾವನಾತ್ಮಕ ಬೆಲೆಯೇ ಹೆಚ್ಚು.

ಸವರನ್ ಮತ್ತು ಕಾಸಿನ ಸರ

ಬ್ರಿಟಿಷ್ ಸವರನ್ 7.98 ಗ್ರಾಂ ತೂಕದ 22 ಕ್ಯಾರೆಟ್ ಚಿನ್ನದ ನಾಣ್ಯ. ಶುದ್ಧ ಚಿನ್ನ 7.32 ಗ್ರಾಂ. ಚಿನ್ನವನ್ನು ಎಂಟು ಗ್ರಾಂನ ಸವರನ್ ಅಥವಾ ಪವನ್ ಲೆಕ್ಕದಲ್ಲಿ ಹೇಳುವ ರೂಢಿ ಬಂದಿರುವುದು ಇದರಿಂದಲೇ. 1918ರಲ್ಲಿ ಒಂದು ವರ್ಷ ಮಾತ್ರ ಮುಂಬಯಿಯಲ್ಲಿ ಸವರನ್ ಅಚ್ಚಾಯಿತು. ಕುದುರೆ ಸವಾರನ ಕೆಳಗೆ 'ಐ' ಎಂಬ ಇಂಗ್ಲಿಷ್ ಅಕ್ಷರದ ಗುರುತಿರುತ್ತದೆ.

ಕಾಸಿನ ಸರಕ್ಕಾಗಿ ಕೊಂಡಿ ಬೆಸೆದ ಅಥವಾ ತೂತು ಕೊರೆದ ನಾಣ್ಯಕ್ಕೆ ಸಂಗ್ರಾಹಕರ ಬೆಲೆ ಬಹುತೇಕ ಇರುವುದಿಲ್ಲ. ಕೊಂಡಿ ತೆಗೆಸಿ ತಿಕ್ಕಿಸಿದರೂ ಗುರುತು ಉಳಿಯುತ್ತದೆ. ಅಂತಹ ಸರವನ್ನು ನಾಣ್ಯವೆಂದು ಬಿಡಿಬಿಡಿಯಾಗಿ ಮಾರುವುದಕ್ಕಿಂತ ಒಡವೆಯಾಗಿಯೇ ಉಳಿಸಿಕೊಳ್ಳುವುದು ಅಥವಾ ಒಡವೆಯಾಗಿಯೇ ಮಾರುವುದು ಲೇಸು. ಕಾಸಿನ ಸರದಲ್ಲಿ ನಿಜವಾದ ಸವರನ್‌ನ ಜೊತೆಗೆ ಅಕ್ಕಸಾಲಿಗರು ತಾವೇ ಅಚ್ಚೊತ್ತಿದ ನಕಲು ಕಾಸುಗಳು ಬೆರೆತಿರುವುದು ಸಾಮಾನ್ಯ. ಅವು ಚಿನ್ನವೇ ಆದರೂ ಕ್ಯಾರೆಟ್ ಬೇರೆ ಇರಬಹುದು. ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿರುವ ಎಕ್ಸ್‌ರೇ ಯಂತ್ರ ನಾಣ್ಯಕ್ಕೆ ಗಾಯ ಮಾಡದೆ ಮೇಲ್ಮೈಯ ಶುದ್ಧತೆಯನ್ನು ತಿಳಿಸುತ್ತದೆ. ಒರೆಗಲ್ಲಿಗೆ ಉಜ್ಜಲು ಬಿಡಬಾರದು.

ರಾಮಟಂಕಿ, ರೈಸ್ ಪುಲ್ಲಿಂಗ್ ಮತ್ತು ಇತರ ಮೋಸಗಳು

ಹಳೆಯ ಗಂಟುಗಳಲ್ಲಿ ರಾಮ ಪಟ್ಟಾಭಿಷೇಕ ಅಥವಾ ಹನುಮಂತನ ಚಿತ್ರದ ಬಿಲ್ಲೆಗಳು ಸಿಗುವುದುಂಟು. ಇವು ರಾಮಟಂಕಿಗಳು, ಅಂದರೆ ಪೂಜೆಗೆಂದು ಮಾಡಿದ ಮುದ್ರೆಗಳು, ಚಲಾವಣೆಯ ನಾಣ್ಯಗಳಲ್ಲ. ಹಳೆಯ ಬೆಳ್ಳಿಯ ಅಥವಾ ಚಿನ್ನದ ರಾಮಟಂಕಿಗೆ ತನ್ನದೇ ಬೆಲೆಯಿದೆ. ಆದರೆ ಒಂದು ಮುಖದಲ್ಲಿ ರಾಮ ಇಲ್ಲವೇ ಹನುಮಂತ, ಇನ್ನೊಂದರಲ್ಲಿ 'ಈಸ್ಟ್ ಇಂಡಿಯಾ ಕಂಪನಿ, ಒಂದಾಣೆ' ಎಂಬ ಬರಹ ಹಾಗೂ 1616, 1717, 1818 ಎಂಬ ಇಸವಿಗಳಿರುವ ತಾಮ್ರ-ಹಿತ್ತಾಳೆಯ ಬಿಲ್ಲೆಗಳು ಇತ್ತೀಚಿನ ಸೃಷ್ಟಿ. 1616ರಲ್ಲಿ ಕಂಪನಿ ಭಾರತದಲ್ಲಿ ನಾಣ್ಯವನ್ನೇ ಅಚ್ಚು ಹಾಕುತ್ತಿರಲಿಲ್ಲ ಎಂಬ ಒಂದೇ ಮಾತು ಸಾಕು.

ಇಂತಹ ಬಿಲ್ಲೆ, ತಾಮ್ರದ ಪಾತ್ರೆಗಳು ಅಕ್ಕಿಕಾಳನ್ನು ಸೆಳೆಯುತ್ತವೆ, ಇರಿಡಿಯಂ ಇದೆ, ಬಾಹ್ಯಾಕಾಶ ಸಂಸ್ಥೆಗಳು ಕೋಟಿ ಕೊಡುತ್ತವೆ ಎಂದು ನಂಬಿಸುವ 'ರೈಸ್ ಪುಲ್ಲಿಂಗ್' ಜಾಲದ ಮೇಲೆ ರಾಜ್ಯದ ಪೊಲೀಸರು ಹಲವು ಪ್ರಕರಣಗಳನ್ನು ದಾಖಲಿಸಿದ್ದಾರೆ. 'ಪರೀಕ್ಷಾ ವೆಚ್ಚ'ದ ಹೆಸರಿನಲ್ಲಿ ಹೊಲ ಮಾರಿ ಹಣ ಕೊಟ್ಟವರಿದ್ದಾರೆ.

ಇನ್ನೊಂದು ಮೋಸ ಅಂತರ್ಜಾಲದ್ದು. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಹತ್ತು ಲಕ್ಷ ಸಿಗುತ್ತದೆಂಬ ಜಾಹೀರಾತು ನೋಡಿ ಸಂಪರ್ಕಿಸಿದವರಿಂದ ಮೊದಲು ನೋಂದಣಿ ಶುಲ್ಕ, ಬಳಿಕ ತೆರಿಗೆ, ಬಳಿಕ ವಿಮೆ ಎಂದು ಹಣ ಸುಲಿಯಲಾಗುತ್ತದೆ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನಗಳನ್ನೇ ಬಳಸಿ ನಡೆಯುತ್ತಿದ್ದ ಇಂತಹ ವಂಚನೆಯ ವಿರುದ್ಧ 2021ರ ಆಗಸ್ಟ್‌ನಲ್ಲಿ ಬ್ಯಾಂಕು ಸಾರ್ವಜನಿಕ ಎಚ್ಚರಿಕೆ ನೀಡಿ, ತಾನು ಇಂತಹ ವ್ಯವಹಾರ ನಡೆಸುವುದಿಲ್ಲ, ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿತು. ಮಾರುವವರಿಂದಲೇ ಮುಂಗಡ ಹಣ ಕೇಳುವ ಗಿರಾಕಿ ಗಿರಾಕಿಯಲ್ಲ.

ಸ್ಥಿತಿ ಮತ್ತು ಬೆಲೆ

ನಾಣ್ಯದ ಸವೆತವನ್ನು 'ಫೈನ್', 'ವೆರಿ ಫೈನ್', 'ಎಕ್ಸ್‌ಟ್ರೀಮ್ಲಿ ಫೈನ್', 'ಅನ್‌ಸರ್ಕ್ಯುಲೇಟೆಡ್' ಎಂಬ ಮೆಟ್ಟಿಲುಗಳಲ್ಲಿ ಅಳೆಯಲಾಗುತ್ತದೆ. 'ಫೈನ್' ಎಂದರೆ ಚೆನ್ನಾಗಿದೆ ಎಂದಲ್ಲ, ಸಾಕಷ್ಟು ಸವೆದಿದೆ ಎಂದರ್ಥ. ಈ ಮಾತಿನಿಂದ ಮೋಸಹೋದವರಿದ್ದಾರೆ. ಒಂದೇ ಇಸವಿಯ ಎರಡು ರೂಪಾಯಿಗಳಲ್ಲಿ ಒಂದು ಲೋಹದ ಬೆಲೆಗೂ ಇನ್ನೊಂದು ಅದರ ಹತ್ತಾರು ಪಟ್ಟಿಗೂ ಹೋಗುವುದು ಈ ಮೆಟ್ಟಿಲುಗಳ ಅಂತರದಿಂದ. ಬಹಳ ಬೆಲೆಯ ನಾಣ್ಯವಾದರೆ ಎನ್‌ಜಿಸಿ, ಪಿಸಿಜಿಎಸ್‌ನಂತಹ ಸಂಸ್ಥೆಗಳಿಂದ ಪರೀಕ್ಷಿಸಿ, ಮೊಹರು ಮಾಡಿದ ಪೆಟ್ಟಿಗೆಯಲ್ಲಿ ದರ್ಜೆ ನಮೂದಿಸಿ ಪಡೆಯುವ ಪದ್ಧತಿಯಿದೆ. ಸಾಧಾರಣ ನಾಣ್ಯಕ್ಕೆ ಈ ಖರ್ಚು ದಂಡ.

ಗುರುತಿಸಲು ಗ್ರಂಥಗಳ ನೆರವಿದೆ. ಡಾ. ಎ.ವಿ. ನರಸಿಂಹಮೂರ್ತಿ ಅವರು ಕರ್ನಾಟಕದ ನಾಣ್ಯಗಳ ಕುರಿತು 1975ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕೃತಿ, ಹೈದರ್-ಟಿಪ್ಪು ನಾಣ್ಯಗಳ ಕುರಿತು ಹೆಂಡರ್ಸನ್ 1921ರಲ್ಲಿ ಹೊರತಂದ ಪುಸ್ತಕ ಇಂದಿಗೂ ಉಪಯುಕ್ತ. ಬೆಲೆಗೆ ಮಾತ್ರ ಪುಸ್ತಕ ನಂಬುವಂತಿಲ್ಲ. ಅಂತರ್ಜಾಲದಲ್ಲಿ ಮಾರುವವರು ನಮೂದಿಸಿದ ಬೆಲೆ ಅವರ ಆಸೆಯನ್ನಷ್ಟೇ ಹೇಳುತ್ತದೆ. ನೋಡಬೇಕಾದದ್ದು ಹರಾಜು ಸಂಸ್ಥೆಗಳು ಪ್ರಕಟಿಸುವ, ವಾಸ್ತವವಾಗಿ ಮಾರಾಟವಾದ ಬೆಲೆಗಳ ಪಟ್ಟಿಯನ್ನು; ಅದರಲ್ಲೂ ಅದೇ ಸ್ಥಿತಿಯ ನಾಣ್ಯದ ಬೆಲೆಯನ್ನು.

ಯಾರಿಗೆ ಮಾರುವುದು?

ಸಂಗ್ರಹದ ಎಲ್ಲ ನಾಣ್ಯಗಳಿಗೂ ಒಂದೇ ಮಾರುಕಟ್ಟೆ ಸಲ್ಲದು. ಸವೆದ ಬೆಳ್ಳಿ ರೂಪಾಯಿಗಳನ್ನು ದಿನದ ದರಕ್ಕೆ ಕೊಳ್ಳುವ ಬೆಳ್ಳಿ ವ್ಯಾಪಾರಿಗಳಿಗೆ ಮಾರಬಹುದು. ಮಧ್ಯಮ ಬೆಲೆಯವನ್ನು ನಾಣ್ಯ ವ್ಯಾಪಾರಿಗಳು ಕೊಳ್ಳುತ್ತಾರೆ. ಅವರು ಮರುಮಾರಾಟಕ್ಕೆ ಕಾಯಬೇಕಾದ್ದರಿಂದ ಪೂರ್ಣ ಬೆಲೆ ಕೊಡಲಾರರು ಎಂಬುದನ್ನು ಒಪ್ಪಿಕೊಂಡೇ ಹೋಗಬೇಕು. ಕನಿಷ್ಠ ಮೂವರ ಬಳಿ ಕೇಳಿದರೆ ನಿಜವಾದ ದರದ ಅಂದಾಜು ಸಿಗುತ್ತದೆ. 'ಒಟ್ಟಿಗೆ ಎಷ್ಟು?' ಎಂಬ ಪ್ರಶ್ನೆಗೆ ಉತ್ತರಿಸದೆ, ಪಟ್ಟಿಯ ಕ್ರಮಸಂಖ್ಯೆಯಂತೆ ಒಂದೊಂದಕ್ಕೂ ದರ ಬರೆಸಿಕೊಳ್ಳುವುದು ಜಾಣತನ. ಗಂಟಿನಲ್ಲಿರುವ ಒಂದೇ ಒಂದು ವಿರಳ ನಾಣ್ಯವನ್ನು ಗುರುತಿಸಿ, ಅದನ್ನು ಬಾಯಿಬಿಡದೆ ಇಡೀ ಗಂಟಿಗೆ ದರ ಹೇಳುವುದು ಈ ವ್ಯಾಪಾರದ ಹಳೆಯ ತಂತ್ರ.

ವಿರಳ ನಾಣ್ಯಗಳಿಗೆ ಹರಾಜೇ ಸೂಕ್ತ. ಬೆಂಗಳೂರು, ಮುಂಬಯಿ, ಅಹಮದಾಬಾದ್‌ಗಳಲ್ಲಿ ನಾಣ್ಯ ಹರಾಜು ಸಂಸ್ಥೆಗಳಿವೆ. ಒಪ್ಪಿಸುವ ಮೊದಲು ಮಾರುವವರಿಂದ ಹಿಡಿಯುವ ಕಮಿಷನ್, ಕನಿಷ್ಠ ಬೆಲೆ, ಮಾರಾಟವಾಗದಿದ್ದರೆ ಹಿಂದಿರುಗಿಸುವ ಖರ್ಚು, ಹಣ ಪಾವತಿಯ ಗಡುವು, ಸಾಗಣೆಯಲ್ಲಿನ ವಿಮೆ ಇವೆಲ್ಲವೂ ಲಿಖಿತವಾಗಿರಬೇಕು. ನಾಣ್ಯ ಸಂಘಗಳು ನಡೆಸುವ ಪ್ರದರ್ಶನಗಳಿಗೆ ಪಟ್ಟಿ ಮತ್ತು ಛಾಯಾಚಿತ್ರಗಳೊಂದಿಗೆ ಹೋದರೆ ಹಿರಿಯ ಸಂಗ್ರಾಹಕರ ಅಭಿಪ್ರಾಯ ಉಚಿತವಾಗಿಯೇ ಸಿಗುತ್ತದೆ. ಮೂಲ ನಾಣ್ಯಗಳನ್ನು ಮೊದಲ ಭೇಟಿಗೇ ಒಯ್ಯುವ ಅಗತ್ಯವಿಲ್ಲ.

ಕಾನೂನು ಏನು ಹೇಳುತ್ತದೆ

ತಲೆಮಾರಿನಿಂದ ಮನೆಯಲ್ಲಿದ್ದ ನಾಣ್ಯ ಬೇರೆ, ನೆಲದಿಂದ ಬಂದದ್ದು ಬೇರೆ. 1878ರ ನಿಧಿ ಕಾಯ್ದೆಯು ನೆಲದಲ್ಲಿ ಅಥವಾ ನೆಲಕ್ಕೆ ಅಂಟಿಕೊಂಡ ಯಾವುದರಲ್ಲಾದರೂ ಅಡಗಿರುವ ಬೆಲೆಬಾಳುವ ವಸ್ತುವನ್ನು 'ನಿಧಿ' ಎಂದು ಕರೆಯಿತು. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆಯಿದೆ. ಹಳೆಯ ತೊಟ್ಟಿಮನೆ ಕೆಡವುವಾಗ ಗೋಡೆಯೊಳಗಿನ ಮಡಕೆಯಲ್ಲಿ ಸಿಕ್ಕಿದ್ದು ತಂತಾನೇ ಪಿತ್ರಾರ್ಜಿತವಾಗುವುದಿಲ್ಲ, ಜಿಲ್ಲಾಡಳಿತಕ್ಕೆ ತಿಳಿಸಬೇಕಾಗುತ್ತದೆ. ಮುಚ್ಚಿಟ್ಟರೆ ಶಿಕ್ಷೆಯುಂಟು. ಇತಿಹಾಸದ ದೃಷ್ಟಿಯಿಂದಲೂ ಇದು ಮುಖ್ಯ. ಯಶವಂತಪುರದ ಬಳಿ 1891ರಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳು, ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ಸೀಸದ ನಾಣ್ಯಗಳೊಂದಿಗೆ ಸಿಕ್ಕ ರೋಮನ್ ನಾಣ್ಯಗಳು ಈ ನಾಡಿನ ಎರಡು ಸಾವಿರ ವರ್ಷಗಳ ಹಿಂದಿನ ವ್ಯಾಪಾರಕ್ಕೆ ಸಾಕ್ಷಿಯಾದದ್ದು ಅವು ಕರಗದೆ ದಾಖಲಾದ್ದರಿಂದ.

1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಪುರಾತನ ವಸ್ತುಗಳ ವ್ಯಾಪಾರ ನಡೆಸುವವರಿಗೆ ಪರವಾನಗಿ ಕಡ್ಡಾಯ. ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ ಮಗ ತನ್ನ ಪಾಲಿನ ನಾಣ್ಯಗಳನ್ನು ಪೆಟ್ಟಿಗೆಯಲ್ಲಿಟ್ಟು ಒಯ್ಯುವಾಗ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು ಇಲ್ಲಿಯೇ. ನೂರು ವರ್ಷದ ಗೆರೆ ಪ್ರತಿವರ್ಷ ಮುಂದೆ ಸರಿಯುತ್ತದೆ ಎಂಬುದನ್ನೂ ಗಮನಿಸಬೇಕು: 1918ರ ಸವರನ್ 2018ರಲ್ಲಿ ಈ ಗೆರೆ ದಾಟಿದೆ. ಹೊಸ ನಾಣ್ಯವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ 'ಪುರಾತನ ವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯಿದೆ.

ತೆರಿಗೆಯ ವಿಷಯ ಹಲವರು ಮರೆಯುತ್ತಾರೆ. 1985ರಲ್ಲಿ ಎಸ್ಟೇಟ್ ತೆರಿಗೆ ರದ್ದಾದ ಬಳಿಕ ವಾರಸುದಾರಿಕೆಯಿಂದ ಬಂದದ್ದಕ್ಕೆ ತೆರಿಗೆಯಿಲ್ಲ. ಮಾರಿದಾಗ ಬರುವ ಲಾಭಕ್ಕೆ ಮಾತ್ರ ಬಂಡವಾಳ ಲಾಭ ತೆರಿಗೆ ಅನ್ವಯವಾಗಬಹುದು. ಹಿರಿಯರು ಹೊಂದಿದ್ದ ಅವಧಿಯೂ ಲೆಕ್ಕಕ್ಕೆ ಸೇರುವುದರಿಂದ ಇದು ಸಾಮಾನ್ಯವಾಗಿ ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಅದರ ದರ ಶೇ 12.5. ಹಳೆಯ ವಸ್ತುವಾದರೆ 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯಾಗಿ ತೆಗೆದುಕೊಳ್ಳಲು ಅವಕಾಶವಿದೆ. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ನಿಷಿದ್ಧ. ದಂಡ ಬೀಳುವುದು ಪಡೆದವರ ಮೇಲೆ.

ಪಾಲು ಹಂಚಿಕೆ

ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಸ್ವತ್ತಿನಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ತಾಯಿಗೆ 1956ರ ಕಾಯ್ದೆಯಿಂದಲೇ ಸಮಪಾಲಿದೆ. ನಾಣ್ಯದ ಗಂಟು ಚಿಕ್ಕದೆಂದು ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಕೇಳದೆ ಮಾರುವುದು ರೂಢಿ. ಅವರ ಒಪ್ಪಿಗೆಯಿಲ್ಲದ ಮಾರಾಟ ತಕರಾರಿಗೆ ದಾರಿ.

ಎಣಿಕೆಯ ಲೆಕ್ಕದಲ್ಲಿ ಹಂಚಿಕೊಳ್ಳುವುದು ಇನ್ನೊಂದು ತಪ್ಪು. ಮೂವರು ಮಕ್ಕಳಿಗೆ ಮೂವತ್ತು ನಾಣ್ಯಗಳನ್ನು ತಲಾ ಹತ್ತರಂತೆ ಕೊಟ್ಟರೆ, ಒಬ್ಬರ ಪಾಲಿಗೆ 1939ರ ಅಸಲಿ ರೂಪಾಯಿಯೂ ಇನ್ನೊಬ್ಬರಿಗೆ ಬರಿಯ 1942ರವೂ ಬರಬಹುದು. ಮೊದಲು ಬೆಲೆಕಟ್ಟ���ಸಿ, ಇಟ್ಟುಕೊಳ್ಳಲು ಬಯಸುವವರು ತಮ್ಮ ಪಾಲಿನ ಬೆಲೆಯಲ್ಲಿ ಆರಿಸಿಕೊಂಡು, ಉಳಿದದ್ದನ್ನು ಮಾರಿ ಹಣ ಹಂಚಿಕೊಳ್ಳುವುದು ನ್ಯಾಯ. ಹಿಂದಿನ ಸಂಗ್ರಾಹಕರು ಒಂದೇ ಅರಸನ ಎಲ್ಲ ಇಸವಿಗಳನ್ನು ಕೂಡಿಸಿಟ್ಟ ಸರಣಿಯಿದ್ದರೆ ಅದನ್ನು ಒಡೆಯುವ ಮುನ್ನ ತಿಳಿದವರನ್ನು ಕೇಳಬೇಕು. ಬಿಡಿಯಾಗಿ ಮಾರಿದ್ದಕ್ಕಿಂತ ಪೂರ್ಣ ಸರಣಿಗೆ ಹೆಚ್ಚು ಬೆಲೆ ಬರುವುದುಂಟು.

ಯಾರಿಗೂ ಬೇಡವಾದ, ಆದರೆ ಕರಗಿಸಲು ಮನಸ್ಸು ಬಾರದ ಸಂಗ್ರಹಕ್ಕೆ ವಸ್ತುಸಂಗ್ರಹಾಲಯಗಳ ದಾರಿಯಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ರೂಪುಗೊಂಡ ನಾಣ್ಯ ಸಂಗ್ರಹಾಲಯಗಳಲ್ಲಿ ಈ ನಾಡಿನ ನಾಣ್ಯಗಳನ್ನು ಕಾಣಬಹುದು. ದಾನ ನೀಡುವವರು ಪಟ್ಟಿಯ ಪ್ರತಿಯೊಂದಿಗೆ ಮೊದಲು ಪತ್ರ ಬರೆದು, ಸ್ವೀಕೃತಿ ಪತ್ರದಲ್ಲಿ ಪ್ರತಿ ನಾಣ್ಯದ ತೂಕ ಮತ್ತು ಛಾಯಾಚಿತ್ರ ಸೇರಿರುವಂತೆ ನೋಡಿಕೊಳ್ಳುವುದು ಅಗತ್ಯ.